ಅದ್ಭುತಲೋಕದ ಆಟದಲ್ಲಿ ವಿಜ್ಞಾನಕಲ್ಪಿತ ಆಯುಧಗಳು: ಪ್ರತಿಕೃತಿನಿರ್ಮಾಣವಿಚಾರ

೧. ವಿಷಯನಿರ್ದೇಶ

ಭರತಮುನಿಯು ನಾಟ್ಯಶಾಸ್ತ್ರದ ಆಹಾರ್ಯಾಭಿನಯಪ್ರಕರಣದಲ್ಲಿ ನೇಪಥ್ಯವಿಧಿಯನ್ನು ಪುಸ್ತ, ಅಲಂಕಾರ, ಅಂಗರಚನೆ, ಸಂಜೀವ ಎಂದು ನಾಲ್ಕಾಗಿ ವಿಭಾಗಿಸಿರುವನು. ಇವುಗಳಲ್ಲಿ ಪುಸ್ತವೆಂದರೆ ರಂಗದ ಮೇಲೆ ತೋರಬೇಕಾದ ಬೆಟ್ಟ, ರಥ, ವಿಮಾನ, ಗುರಾಣಿ, ಆಯುಧ ಮೊದಲಾದವುಗಳ ಕೃತಕರೂಪವನ್ನು ಕಟ್ಟುವ ಕೆಲಸ. ಖಡ್ಗಕ್ಕೆ ೪೦ ಅಂಗುಲ, ಬಿಲ್ಲಿಗೆ ೮ ತಾಲ ಎಂಬಂತೆ ಒಂದೊಂದು ಆಯುಧಕ್ಕೂ ಅಳತೆಯನ್ನು ಹೇಳಿದ ಮುನಿಯು, ಅವನ್ನು ಕಬ್ಬಿಣದಿಂದ ಮಾಡಕೂಡದೆಂದೂ, ಭಾರದಿಂದ ನಟರಿಗೆ ಆಯಾಸವಾಗುವ ಕಾರಣ ಬಿದಿರು, ಅರಗು, ಬಟ್ಟೆ ಮುಂತಾದ ಹಗುರವಾದ ದ್ರವ್ಯಗಳಿಂದ ಮಾಡಬೇಕೆಂದೂ ವಿಧಿಸುವನು. ಅವುಗಳಿಂದ ರಂಗದಲ್ಲಿ ನಿಜವಾಗಿ ಕಡಿಯಕೂಡದು, ರಕ್ತವನ್ನು ಹರಿಸಕೂಡದು ಎಂಬ ನಿಷೇಧವೂ ಅದೇ ಗ್ರಂಥದ ಬೇರೊಂದು ಪ್ರಕರಣದಲ್ಲಿ ಉಂಟು. ಇದರಿಂದ ತಿಳಿಯಬರುವುದೇನೆಂದರೆ, ಪ್ರತಿಕೃತಿಯಾದ ಆಯುಧಕ್ಕೆ ಒಡೆತನ ಎರಡು ಕಡೆಯಿಂದ ಉಂಟು: ಅದು ಅನುಕರಿಸುವ ಮೂಲವಸ್ತುವಿನದು ಒಂದು, ಅದು ಪ್ರವೇಶಿಸುವ ರಂಗದ್ದು ಮತ್ತೊಂದು. ಆಕಾರವು ಮೊದಲನೆಯದಕ್ಕೆ ಅಧೀನ; ತೂಕ, ಚಲನೆ, ಪ್ರಯೋಗಗಳು ಎರಡನೆಯದಕ್ಕೆ ಅಧೀನ.

ಈ ಪುಸ್ತಕರ್ಮವು ಇಂದು ವಿಡಿಯೋ ಗೇಮ್ ಎಂಬ ಕಂಪ್ಯೂಟರ್ ಆಟಗಳಲ್ಲಿ ಹೊಸ ದ್ರವ್ಯದಿಂದ ನಡೆಯುತ್ತಿರುವುದು. ಕತ್ತಿ, ಬಿಲ್ಲು, ಮಂತ್ರ, ಮಹಾಸರ್ಪಗಳಿಂದ ಕೂಡಿದ ಅದ್ಭುತಕಥಾಲೋಕದ ಆಟವೊಂದಕ್ಕೆ ಆಟಗಾರರೇ ಕಿರಣಕೋವಿ, ಬೆಳಕಿನ ಖಡ್ಗ ಮುಂತಾದ ವಿಜ್ಞಾನಕಲ್ಪಿತ ಆಯುಧಗಳನ್ನು ರಚಿಸಿ ಸೇರಿಸುವ ಪದ್ಧತಿಯು ಬಹುವಾಗಿ ಬೆಳೆದಿದೆ. ಹೀಗೆ ಸೇರಿಸಿದ ಭಾಗಕ್ಕೆ ‘ಮಾಡ್’ ಎಂದು ಹೆಸರು. ಒಂದು ಲೋಕಕ್ಕೆ ಸೇರದ ವಸ್ತುವನ್ನು ಆ ಲೋಕದೊಳಕ್ಕೆ ತರುವುದು ಹೇಗೆ, ತಂದಮೇಲೆ ಅದು ರಸಭಂಗಕ್ಕೆ ಕಾರಣವಾಗುವುದೋ ಇಲ್ಲವೋ ಎಂಬ ಪ್ರಶ್ನೆಯು ಆಟಗಾರರಿಗೆ ಮಾತ್ರ ಸಂಬಂಧಿಸಿದುದಲ್ಲ. ಅನ್ಯದೇಶ್ಯ ಶಬ್ದ, ಅನ್ಯಭಾಷೆಯ ಛಂದಸ್ಸು, ಅನ್ಯಮತದ ಕಥೆ ಇವು ಕನ್ನಡಕ್ಕೆ ಬಂದಾಗಲೆಲ್ಲ ಸಾಹಿತ್ಯಶಾಸ್ತ್ರವು ಎದುರಿಸಿದ ಪ್ರಶ್ನೆಯೂ ಇದೇ. ಆದಕಾರಣ ಈ ಶಿಲ್ಪದ ಪ್ರಕ್ರಿಯೆಯನ್ನು ಒಂದು ಪ್ರಸಿದ್ಧ ಆಟದ ಉದಾಹರಣೆಯಿಂದ ವಿವರಿಸಿ, ಅದರ ಔಚಿತ್ಯವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨. ಪೂರ್ವವೃತ್ತಾಂತ

ಅದ್ಭುತಲೋಕದಲ್ಲಿ ಯಂತ್ರಾಯುಧವು ಕಾಣಿಸಿಕೊಳ್ಳುವುದು ಇತ್ತೀಚಿನ ವಿಕಾರವೆಂದು ಕೆಲವರು ಭಾವಿಸುವರು. ಇತಿಹಾಸವು ಹಾಗೆ ಹೇಳುವುದಿಲ್ಲ. ಕಾಗದ, ದಾಳಗಳಿಂದ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಅಮೆರಿಕದ ಆಟಕ್ಕೆ ಗ್ಯಾರಿ ಗೈಗಾಕ್ಸ್ ರಚಿಸಿ ೧೯೮೦ರಲ್ಲಿ ಪ್ರಕಟವಾದ ‘ಎಕ್ಸ್‌ಪೆಡಿಷನ್ ಟು ದಿ ಬ್ಯಾರಿಯರ್ ಪೀಕ್ಸ್’ ಎಂಬ ಕಥಾಭಾಗದಲ್ಲಿ ಖಡ್ಗಧಾರಿಗಳಾದ ವೀರರು ಬೆಟ್ಟದಲ್ಲಿ ಬಿದ್ದಿರುವ ಆಕಾಶನೌಕೆಯೊಂದನ್ನು ಹೊಕ್ಕು ಅಲ್ಲಿಯ ಕಿರಣಾಯುಧಗಳನ್ನು ಕಾಣುವರು. ರಿಚರ್ಡ್ ಗ್ಯಾರಿಯಟ್ ೧೯೮೧ರಲ್ಲಿ ಹೊರತಂದ ‘ಅಲ್ಟಿಮಾ’ ಎಂಬ ಕಂಪ್ಯೂಟರ್ ಆಟದಲ್ಲಿ ಕತ್ತಿಗಳ ಲೋಕದಲ್ಲಿಯೇ ಕಿರಣಾಯುಧಗಳೂ ಆಕಾಶಯುದ್ಧವೂ ಇದ್ದುವು. ೧೯೯೮ರ ‘ಮೈಟ್ ಅಂಡ್ ಮ್ಯಾಜಿಕ್’ ಮಾಲೆಯ ೬ನೆಯ ಆಟದಲ್ಲಿ ಕಥೆಯು ಕೊನೆಮುಟ್ಟುವ ಹೊತ್ತಿಗೆ ‘ಬ್ಲಾಸ್ಟರ್’ ಎಂಬ ಕೋವಿಯು ವೀರರ ಕೈಸೇರುವುದು. ಹೀಗೆ ಈ ಸಂಕರವು ಆ ಪ್ರಕಾರದ ಹುಟ್ಟಿನಷ್ಟೇ ಹಳೆಯದು.

ಪ್ರಸ್ತುತ ಉದಾಹರಣೆಗೆ ತೆಗೆದುಕೊಂಡ ಆಟವು ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನದ ರಾಕ್‌ವಿಲ್ ನಗರದಲ್ಲಿರುವ ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ಸಂಸ್ಥೆಯು ರಚಿಸಿ ೨೦೧೧ನೆಯ ನವೆಂಬರ್ ೧೧ರಂದು ಪ್ರಕಟವಾದ ‘ಸ್ಕೈರಿಮ್’. ‘ದಿ ಎಲ್ಡರ್ ಸ್ಕ್ರೋಲ್ಸ್’ ಎಂಬ ಮಾಲೆಯಲ್ಲಿ ಇದು ೫ನೆಯದು. ಟ್ಯಾಮ್ರಿಯೆಲ್ ಎಂಬ ಕಲ್ಪಿತ ಭೂಖಂಡದ ಉತ್ತರಪ್ರಾಂತದ ಹಿಮಪ್ರದೇಶವೇ ಅದರ ರಂಗ. ಈ ಸಂಸ್ಥೆಯು ತನ್ನ ಆಟಗಳನ್ನು ಕಟ್ಟುವ ಉಪಕರಣವನ್ನು ಆಟಗಾರರಿಗೂ ಕೊಡುವ ಸಂಪ್ರದಾಯವನ್ನು ೨೦೦೨ರ ‘ಮೊರೋವಿಂಡ್’ ಆಟದ ಕಾಲದಿಂದ ಇಟ್ಟುಕೊಂಡಿದೆ. ಸ್ಕೈರಿಮಿಗೆ ಸಂಬಂಧಿಸಿದ ‘ಕ್ರಿಯೇಷನ್ ಕಿಟ್’ ಎಂಬ ಉಪಕರಣವು ೨೦೧೨ನೆಯ ಫೆಬ್ರವರಿ ೭ರಂದು ಉಚಿತವಾಗಿ ದೊರೆಯಿತು. ಅದರೊಡನೆಯೇ ವಾಲ್ವ್ ಸಂಸ್ಥೆಯು ತನ್ನ ‘ಪೋರ್ಟಲ್ ೨’ ಎಂಬ ವಿಜ್ಞಾನಕಲ್ಪಿತ ಆಟದ ಮಾತನಾಡುವ ಯಂತ್ರಗೋಳವೊಂದನ್ನು ಸ್ಕೈರಿಮಿನ ಆಕಾಶದಿಂದ ಬೀಳಿಸುವ ಮಾಡನ್ನು ಹೊರತಂದಿತು. ಬಾಗಿಲು ತೆರೆದ ದಿನವೇ ಒಳಬಂದ ಅತಿಥಿಯು ಅನ್ಯಲೋಕದವನಾಗಿದ್ದನು!

೩. ರೂಪನಿರ್ಮಾಣ

ಆಯುಧದ ಶರೀರವು ಮೊದಲು ಜಾಲರೂಪವಾಗಿ ಹುಟ್ಟುವುದು. ಶೂನ್ಯಾಕಾಶದಲ್ಲಿ ಬಿಂದುಗಳನ್ನಿಟ್ಟು, ಅವನ್ನು ರೇಖೆಗಳಿಂದ ಕೂಡಿಸಿ, ರೇಖೆಗಳ ನಡುವೆ ತ್ರಿಕೋಣಗಳನ್ನು ತುಂಬಿದರೆ ಆಗುವ ಹೊರಮೈಗೆ ‘ಮೆಷ್’ ಎಂದು ಹೆಸರು. ಇದಕ್ಕಾಗಿ ಬಹುಜನರು ಬಳಸುವುದು ಬ್ಲೆಂಡರ್ ಎಂಬ ತಂತ್ರಾಂಶವನ್ನು. ಅದು ೨೦೦೨ರಿಂದ ಎಲ್ಲರಿಗೂ ಮುಕ್ತವಾಗಿದೆ. ಅಳತೆಯೇ ಮೊದಲ ನಿಯಮ. ಸ್ಕೈರಿಮಿನ ಲೋಕದಲ್ಲಿ ೬ ಅಡಿಗೆ ೧೨೮ ಮಾನಗಳು. ಎಂದರೆ ಒಂದು ಗಜಕ್ಕೆ ೬೪. ಈ ಮಾನವನ್ನು ತಿಳಿಯದೆ ಕಟ್ಟಿದ ಕೋವಿಯು ಆಟದೊಳಗೆ ಹೋದಾಗ ತೊಲೆಯಷ್ಟು ದಪ್ಪವಾಗಿಯೋ ಕಡ್ಡಿಯಷ್ಟು ಸಣ್ಣದಾಗಿಯೋ ತೋರುವುದು. ಭರತನು ಅಂಗುಲ, ತಾಲಗಳ ಲೆಕ್ಕವನ್ನು ಕೊಟ್ಟುದರ ಪ್ರಯೋಜನವು ಇಲ್ಲಿ ಸ್ಪಷ್ಟವಾಗುವುದು.

ಎರಡನೆಯ ನಿಯಮವು ಲಾಘವ. ಭರತನ ನಟನಿಗೆ ಕಬ್ಬಿಣವು ಹೇಗೆ ಭಾರವೋ ಕಂಪ್ಯೂಟರಿಗೆ ತ್ರಿಕೋಣಗಳು ಹಾಗೆ ಭಾರ. ಈ ಆಟದ ಕಡತಗಳಲ್ಲಿ ಬಿಂದುಗಳಿಗೆ ಹಾಕುವ ಕ್ರಮಸಂಖ್ಯೆಗೆ ೧೬ ಬಿಟ್‌ಗಳಷ್ಟೇ ಅವಕಾಶವಿರುವುದರಿಂದ ಒಂದು ಜಾಲಖಂಡದಲ್ಲಿ ಬಿಂದುಗಳು ಸುಮಾರು ೬೫,೦೦೦ವನ್ನು ಮೀರಲಾರವು. ಉತ್ತಮ ಶಿಲ್ಪಿಯು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಕೋವಿಯ ಮೈಮೇಲಿನ ತಿರುಪುಮೊಳೆ, ಗೀರು, ಸಂದುಗಳನ್ನು ಅವನು ತ್ರಿಕೋಣಗಳಿಂದ ಕಟ್ಟದೆ ಚಿತ್ರದಿಂದ ತೋರಿಸುವನು. ಮೊದಲು ಅತಿಸೂಕ್ಷ್ಮವಾದ ಜಾಲವೊಂದನ್ನು ರಚಿಸಿ, ಅದರ ಉಬ್ಬುತಗ್ಗುಗಳನ್ನು ಬಣ್ಣಗಳ ಭಾಷೆಯಲ್ಲಿ ಒಂದು ಪಟಕ್ಕಿಳಿಸಿ, ಆ ಪಟವನ್ನು ಸರಳವಾದ ಜಾಲಕ್ಕೆ ಹೊದಿಸುವುದು ಇದರ ಉಪಾಯ. ಬೆಳಕು ಬಿದ್ದಾಗ ಸಪಾಟಾದ ಮೈಯು ಕೆತ್ತಿದಂತೆ ಕಾಣುವುದು. ಈ ಪಟದ ಹಸುರು ಬಣ್ಣದ ಅಂಶವು ತಲೆಕೆಳಗಾದರೆ ಉಬ್ಬೆಲ್ಲ ತಗ್ಗಾಗಿ ತೋರುವುದೆಂಬುದು ಹೊಸಬರು ಮೊದಲು ಕಲಿಯುವ ಪಾಠ.

ಪಟವನ್ನು ಹೊದಿಸಬೇಕಾದರೆ, ದರ್ಜಿಯು ಅಂಗಿಯ ಹೊಲಿಗೆಯನ್ನು ಬಿಚ್ಚಿ ಹಾಸುವಂತೆ, ಜಾಲದ ಮೈಯನ್ನು ಬಿಡಿಸಿ ಸಮತಲದಲ್ಲಿ ಹರಡಬೇಕು. ಹೊಲಿಗೆಯನ್ನು ಕಣ್ಣಿಗೆ ಬೀಳದ ಕಡೆಯಲ್ಲಿ ಇಡುವುದರಲ್ಲಿ ಕೈಚಳಕವು ತಿಳಿಯುವುದು. ೧೦೨೪ ಅಥವಾ ೨೦೪೮ ಚುಕ್ಕಿಗಳ ಚೌಕಗಳಲ್ಲಿ ಬರೆದ ಪಟಗಳು ಹಲವು: ಬಣ್ಣಕ್ಕೆ ಒಂದು, ಉಬ್ಬುತಗ್ಗಿಗೆ ಒಂದು, ಲೋಹದ ಪ್ರತಿಬಿಂಬವು ಎಲ್ಲೆಲ್ಲಿ ಕಾಣಬೇಕೆಂಬುದಕ್ಕೆ ಒಂದು, ತಾನಾಗಿ ಬೆಳಗುವ ಭಾಗಗಳಿಗೆ ಒಂದು. ವಿಜ್ಞಾನಕಲ್ಪಿತ ಆಯುಧದಲ್ಲಿ ಈ ಕೊನೆಯದಕ್ಕೆ ವಿಶೇಷ ಪ್ರಾಧಾನ್ಯ. ಕಿರಣಕೋವಿಯ ನಳಿಕೆಯೂ ಬೆಳಕಿನ ಖಡ್ಗದ ಅಲಗೂ ಅದರಿಂದಲೇ ಜೀವಂತವಾಗಿ ತೋರುವುವು. ಪಟವಿರುವ ಸ್ಥಳದ ಹೆಸರನ್ನು ಒಂದಕ್ಷರ ತಪ್ಪಿ ಬರೆದರೂ ಆಯುಧವೆಲ್ಲ ಅಚ್ಚ ನೇರಿಳೆಬಣ್ಣಕ್ಕೆ ತಿರುಗುವುದು. ಲಿಪಿಕಾರನ ಪ್ರಮಾದವನ್ನು ಮುಚ್ಚಿಡಲು ಇಲ್ಲಿ ಅವಕಾಶವೇ ಇಲ್ಲ.

೪. ಲೋಕದ ವ್ಯಾಕರಣ

ಇಷ್ಟಾದರೂ ಆಯುಧವು ಪ್ರಾತಿಪದಿಕವಷ್ಟೆ, ಇನ್ನೂ ಪದವಾಗಿಲ್ಲ. ಪ್ರಕೃತಿಗೆ ವಿಭಕ್ತಿ ಹತ್ತದೆ ವಾಕ್ಯದಲ್ಲಿ ಅನ್ವಯವಿಲ್ಲವೆಂಬುದು ವ್ಯಾಕರಣಜ್ಞರಿಗೆ ತಿಳಿದ ವಿಷಯ. ಕನ್ನಡದಲ್ಲಿ ‘ಬಂದೂಕು’ ಎಂಬ ಶಬ್ದವು ಅರಬ್ಬೀ ಪಾರಸಿಗಳ ಮಾರ್ಗವಾಗಿ ಬಂದುದು. ಆದರೂ ‘ಬಂದೂಕಿನಿಂದ ಹೊಡೆದನು’ ಎಂಬಲ್ಲಿ ಪ್ರತ್ಯಯವು ಕನ್ನಡದ್ದು, ಕ್ರಿಯೆಯು ಕನ್ನಡದ್ದು. ಹೊರಗಿನ ಶಬ್ದವು ಹೊರಗಿನದಾಗಿಯೇ ಉಳಿದು, ಒಳಗಿನ ವ್ಯಾಕರಣಕ್ಕೆ ತಲೆಬಾಗಿದೆ. ಸ್ಕೈರಿಮಿಗೆ ಬರುವ ಆಯುಧದ ಸ್ಥಿತಿಯೂ ಇದೇ.

ಆಟದ ಪಾತ್ರಗಳ ಮೈಯೊಳಗೆ ಕಣ್ಣಿಗೆ ಕಾಣದ ಅಸ್ಥಿಪಂಜರವಿದೆ. ಅದರಲ್ಲಿ ಆಯುಧವನ್ನು ತೊಡುವ ಸ್ಥಾನಗಳಿಗೆ ಒಂದೊಂದು ಹೆಸರು: ಸೊಂಟದ ಕತ್ತಿಗೆ ‘ವೆಪನ್ ಸೋರ್ಡ್’, ಬೆನ್ನಿನ ದೊಡ್ಡ ಕತ್ತಿಗೆ ‘ವೆಪನ್ ಬ್ಯಾಕ್’, ಬಿಲ್ಲಿಗೆ ‘ವೆಪನ್ ಬೋ’. ನಿಫ್‌ಸ್ಕೋಪ್ ಎಂಬ ಉಪಕರಣದಿಂದ ಆಯುಧದ ಕಡತವನ್ನು ತೆರೆದು ಇವುಗಳಲ್ಲೊಂದು ಹೆಸರನ್ನು ಚೀಟಿಯಂತೆ ಬರೆದಿಡಬೇಕು. ಆ ಚೀಟಿಯೇ ವಿಭಕ್ತಿಪ್ರತ್ಯಯ. ಅದು ತಪ್ಪಾದರೆ ಸೊಂಟದಲ್ಲಿ ತೂಗಬೇಕಾದುದು ಬೆನ್ನಿನಲ್ಲಿ ನಿಲ್ಲುವುದು.

ಬಳಿಕ ಕ್ರಿಯೇಷನ್ ಕಿಟ್ಟಿನಲ್ಲಿ ಆಯುಧಕ್ಕೆ ಜಾತಿಯನ್ನು ನಿರ್ಣಯಿಸಬೇಕು. ಅಗ್ನಿಪುರಾಣದ ಧನುರ್ವೇದಭಾಗವು ಆಯುಧಗಳನ್ನು ಯಂತ್ರಮುಕ್ತ, ಪಾಣಿಮುಕ್ತ, ಮುಕ್ತಸಂಧಾರಿತ, ಅಮುಕ್ತ ಎಂದು ಪ್ರಯೋಗಕ್ರಮದಿಂದ ವಿಂಗಡಿಸಿ ಬಾಹುಯುದ್ಧವನ್ನು ಐದನೆಯದಾಗಿ ಎಣಿಸುವುದು. ಆಟವು ಕೂಡ ಆಯುಧವನ್ನು ಆಕಾರದಿಂದಲ್ಲ, ಪ್ರಯೋಗದಿಂದಲೇ ಗುರುತಿಸುವುದು. ಅಮುಕ್ತವರ್ಗದ ಬೆಳಕಿನ ಖಡ್ಗಕ್ಕೆ ತೊಂದರೆ ಕಡಿಮೆ. ಒಂದು ಕೈಯ ಕತ್ತಿಯ ಚಲನೆಗಳೆಲ್ಲ ಅದಕ್ಕೆ ಸಲ್ಲುವುವು. ಉಳಿಯುವ ತೊಡಕು ಒರೆಯದು. ೧೯೭೭ರ ‘ಸ್ಟಾರ್ ವಾರ್ಸ್’ ಚಲಚ್ಚಿತ್ರದಿಂದ ಪ್ರಸಿದ್ಧವಾದ ಆ ಖಡ್ಗವು ಪ್ರಯೋಗವಿಲ್ಲದಾಗ ಬರಿಯ ಹಿಡಿಯಾಗಿರತಕ್ಕದ್ದು. ಸ್ಕೈರಿಮಿನ ಕತ್ತಿಗಾದರೋ ಅಲಗು ಸದಾ ಇರುವುದು. ಈ ಭೇದವನ್ನು ಪರಿಹರಿಸಲು ‘ಪಪೈರಸ್’ ಎಂಬ ಆಜ್ಞಾಭಾಷೆಯಲ್ಲಿ ಸೂತ್ರವನ್ನು ಬರೆದು, ವೀರನು ಆಯುಧವನ್ನು ಹಿರಿಯುವ ಮತ್ತು ಒರೆಗೆ ಸೇರಿಸುವ ಕ್ಷಣಗಳನ್ನು ಗಮನಿಸುವಂತೆ ಮಾಡಬೇಕು.

ಕೋವಿಯು ಬಂದಾಗ ತೊಡಕು ಹೆಚ್ಚು. ಸ್ಕೈರಿಮಿನಲ್ಲಿ ಕೋವಿಯೆಂಬ ಜಾತಿಯೇ ಇಲ್ಲ. ೨೦೧೨ರಲ್ಲಿ ಪ್ರಕಟವಾದ ‘ಡಾನ್‌ಗಾರ್ಡ್’ ಎಂಬ ಅನುಬಂಧದಿಂದ ಅಡ್ಡಬಿಲ್ಲು ಬಂದಿತು. ಕೋವಿಯನ್ನು ರಚಿಸುವವನಿಗೆ ಇರುವ ದಾರಿಗಳಲ್ಲಿ ಮುಖ್ಯವಾದುವು ಎರಡು. ಅಡ್ಡಬಿಲ್ಲಿನ ಜಾತಿಗೆ ಸೇರಿಸಿದರೆ ಗುರಿಯಿಡುವ ಭಂಗಿಯು ಕೋವಿಗೆ ಒಪ್ಪುವುದು. ಹೊಸ ಬಾಣವೊಂದನ್ನು ಕಲ್ಪಿಸಿ, ಅದಕ್ಕೆ ಕಿರಣದ ರೂಪವನ್ನು ಕೊಟ್ಟು, ಗುರುತ್ವವನ್ನು ಸೊನ್ನೆಗಿಳಿಸಿದರೆ ಅದು ನೆಲಕ್ಕೆ ಬಾಗದೆ ನೇರವಾಗಿ ಹೋಗುವುದು. ಆದರೆ ಪ್ರತಿಸಲವೂ ಹೆದೆಯನ್ನು ಹಿಂದೆಳೆದು ಬಾಣವನ್ನು ಹೂಡುವ ಅಂಗವಿಕ್ಷೇಪವು ಉಳಿಯುವುದು. ಇಲ್ಲದ ಹೆದೆಯನ್ನು ವೀರನು ಎಳೆಯುತ್ತಿರುವನು. ಮಂತ್ರದಂಡದ ಜಾತಿಗೆ ಸೇರಿಸಿದರೆ ಹೆದೆಯ ಪೀಡೆಯಿಲ್ಲ; ದಂಡದಲ್ಲಿ ಸಂಚಿತವಾದ ಶಕ್ತಿಯು ಪ್ರಯೋಗದಿಂದ ಕ್ಷಯಿಸಿ, ಆತ್ಮಮಣಿಯೆಂಬ ರತ್ನದಿಂದ ಮತ್ತೆ ತುಂಬುವುದು. ಈ ವ್ಯವಸ್ಥೆಯು ಕಿರಣಕೋವಿಯ ವಿದ್ಯುತ್ಕೋಶಕ್ಕೆ ಆಶ್ಚರ್ಯವೆನಿಸುವಷ್ಟು ಸರಿಹೊಂದುವುದು. ಆದರೆ ಹಿಡಿಯುವ ಭಂಗಿಯು ಕೋವಿಯದಲ್ಲ, ದಂಡದ್ದು. ಯಾವುದನ್ನು ಬಿಟ್ಟು ಯಾವುದನ್ನು ಉಳಿಸಿಕೊಳ್ಳಬೇಕೆಂಬ ವಿವೇಕವು ಅನುವಾದಕನ ವಿವೇಕಕ್ಕೆ ಸಮಾನವಾದುದು.

೫. ಔಚಿತ್ಯವಿಚಾರ

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ಅನೌಚಿತ್ಯವನ್ನು ಬಿಟ್ಟರೆ ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂದು ಆನಂದವರ್ಧನನ ಮತ. ಔಚಿತ್ಯವೇ ರಸವತ್ಕಾವ್ಯದ ಜೀವಿತವೆಂದು ೧೧ನೆಯ ಶತಮಾನದ ಕ್ಷೇಮೇಂದ್ರನ ಸಿದ್ಧಾಂತ. ಖಡ್ಗ ಮಂತ್ರಗಳ ಲೋಕದಲ್ಲಿ ಕಿರಣಕೋವಿಯು ಕೊರಳಿಗೆ ಕಟ್ಟಿದ ಕಾಲ್ಗಡಗದಂತೆ ಅಸ್ಥಾನಭೂಷಣವಾದುದರಿಂದ, ಎಷ್ಟು ಸೊಗಸಾಗಿ ಕಟ್ಟಿದ್ದರೂ ದೋಷವೇ ಎಂದು ಪೂರ್ವಪಕ್ಷಿಯ ವಾದ.

ಇದಕ್ಕೆ ಸಮಾಧಾನ: ಔಚಿತ್ಯವೆಂಬುದು ವಸ್ತುವಿನಲ್ಲಿರುವ ಗುಣವಲ್ಲ, ಸಂಬಂಧದಲ್ಲಿರುವ ಗುಣ. ಕಾಲ್ಗಡಗವು ಸ್ವತಃ ದುಷ್ಟವಲ್ಲ. ಆದಕಾರಣ ಕೇಳಬೇಕಾದ ಪ್ರಶ್ನೆಯು ಕೋವಿಯು ಬರಬಹುದೇ ಎಂಬುದಲ್ಲ. ಬಂದ ಕೋವಿಗೆ ಆ ಲೋಕದೊಡನೆ ಸಂಬಂಧವು ಏರ್ಪಟ್ಟಿದೆಯೇ ಎಂಬುದು. ಇದನ್ನು ಮೂರು ನಿದರ್ಶನಗಳಿಂದ ತಿಳಿಯಬಹುದು.

ಮೊದಲನೆಯದು ಹೇತು. ಸ್ಕೈರಿಮಿನ ಕಥೆಯಲ್ಲಿ ಡ್ವೆಮರ್ ಎಂಬ ಜನಾಂಗವುಂಟು. ಅವರು ಬಹುಪೂರ್ವದಲ್ಲಿ ಒಮ್ಮೆಗೇ ಅದೃಶ್ಯರಾದರೆಂದೂ, ಅವರ ಪಾಳುನಗರಗಳಲ್ಲಿ ಉಗಿಯಿಂದಲೂ ಹಲ್ಲುಗಾಲಿಗಳಿಂದಲೂ ನಡೆಯುವ ಯಂತ್ರಪುರುಷರು ಇನ್ನೂ ಕಾವಲಿರುವರೆಂದೂ ಕಥೆ. ಅವರ ಶೈಲಿಯ ಅಡ್ಡಬಿಲ್ಲೂ ಸಿಡಿಯುವ ಬಾಣಗಳೂ ಡಾನ್‌ಗಾರ್ಡಿನಲ್ಲಿಯೇ ಇರುವುವು. ತನ್ನ ಕಿರಣಕೋವಿಯನ್ನು ಅವರ ಹಿತ್ತಾಳೆಬಣ್ಣದ ಲೋಹದಿಂದ ಮಾಡಿದಂತೆ ತೋರಿಸಿ, ಅವರ ಪಾಳುನಗರವೊಂದರ ಪೆಟ್ಟಿಗೆಯಲ್ಲಿಟ್ಟ ಶಿಲ್ಪಿಯು ಅದಕ್ಕೆ ವಂಶವನ್ನೇ ಕೊಟ್ಟಂತಾಯಿತು. ಅದೇ ಕೋವಿಯನ್ನು ಹಳ್ಳಿಯ ಕಮ್ಮಾರನ ಅಂಗಡಿಯಲ್ಲಿ ಕಾರಣವಿಲ್ಲದೆ ತೂಗಹಾಕಿದವನು ಅದನ್ನು ಅನಾಥವಾಗಿ ಬಿಟ್ಟಂತಾಯಿತು. ಕನ್ನಡದಲ್ಲಿಯೂ ಈ ಎರಡು ಮಾರ್ಗಗಳುಂಟು. ‘ಬಂದೂಕು’ ಎಂಬುದು ವಸ್ತುವಿನೊಡನೆ ಬಂದ ಹೊರಗಿನ ಶಬ್ದ. ‘ಕೋವಿ’ ಎಂಬುದು ಮೊದಲಿನಿಂದಲೂ ಟೊಳ್ಳಾದ ಕೊಳವೆಯೆಂಬರ್ಥದ ದೇಶ್ಯಶಬ್ದ. ಅದೇ ಹಿಗ್ಗಿ ಹೊಸ ಆಯುಧವನ್ನು ಒಳಕೊಂಡಿತು. ಡ್ವೆಮರರ ವೇಷದಲ್ಲಿ ಬರುವ ಕಿರಣಾಯುಧವು ಕೋವಿಯ ಮಾರ್ಗದ್ದು. ಬೆಳಕಿನ ಖಡ್ಗವು ಬಂದೂಕಿನ ಮಾರ್ಗದ್ದು. ಎರಡೂ ಸಾಧುವೇ. ಆದರೆ ಎರಡನೆಯ ಮಾರ್ಗದಲ್ಲಿ ನಡೆಯುವವನು ಪ್ರತ್ಯಯಗಳ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿರಬೇಕು.

ಎರಡನೆಯದು ಸೂಕ್ಷ್ಮಾಂಶಗಳ ಅನುಗುಣತೆ. ಸ್ಕೈರಿಮಿನ ಕತ್ತಿಗಳಲ್ಲಿ ಹೊಡೆದಮೇಲೆ ರಕ್ತದ ಕಲೆ ತೋರುವುದಕ್ಕಾಗಿ ಅಲಗಿನ ಮೇಲೆ ತೆಳುವಾದ ಬೇರೊಂದು ಜಾಲವನ್ನು ಇಡುವರು. ಹಳೆಯ ಕತ್ತಿಯ ಕಡತವನ್ನು ಮಾದರಿಯಾಗಿಟ್ಟುಕೊಂಡು ಬೆಳಕಿನ ಖಡ್ಗವನ್ನು ಮಾಡಿದವನು ಇದನ್ನು ತೆಗೆಯಲು ಮರೆತರೆ, ಬೆಳಕಿನ ಮೇಲೆ ರಕ್ತವು ಅಂಟಿದಂತೆ ಕಾಣುವುದು. ಬೆಂಕಿಗೆ ಕೆಸರು ಮೆತ್ತಿತೆಂದು ಕವಿಯು ಬರೆದರೆ ಹೇಗೋ ಇದೂ ಹಾಗೆಯೇ. ದೋಷವು ಅನ್ಯಲೋಕದ ಖಡ್ಗವನ್ನು ತಂದುದರಲ್ಲಿಲ್ಲ. ಅದರ ಸ್ವಭಾವವನ್ನು ಮರೆತುದರಲ್ಲಿದೆ.

ಮೂರನೆಯದು ಬಲದ ಪ್ರಮಾಣ. ಹೆಚ್ಚಿನ ರಚನೆಗಳು ಸೋಲುವುದು ಇಲ್ಲಿಯೇ. ಆಟದಲ್ಲಿ ಕಬ್ಬಿಣದ ಕತ್ತಿಯ ಘಾತಸಂಖ್ಯೆ ೭, ತೂಕ ೯, ಬೆಲೆ ೨೫. ಅತ್ಯುತ್ತಮ ಕತ್ತಿಗಳಲ್ಲೊಂದಾದ ಡೇಡ್ರಿಕ್ ಕತ್ತಿಯ ಘಾತಸಂಖ್ಯೆ ೧೪, ತೂಕ ೧೬, ಬೆಲೆ ೧,೨೫೦. ಕನಿಷ್ಠಕ್ಕೂ ಶ್ರೇಷ್ಠಕ್ಕೂ ಮೂಲಬಲದಲ್ಲಿ ಇರುವ ಅಂತರವು ಎರಡರಷ್ಟು ಮಾತ್ರ. ಆ ಅಂತರವನ್ನು ದಾಟುವುದಕ್ಕೆ ವೀರನು ಬಹುಕಾಲ ಶ್ರಮಿಸಬೇಕು. ಭವಿಷ್ಯಲೋಕದ ಆಯುಧವೆಂಬ ಹೆಮ್ಮೆಯಿಂದ ಘಾತಸಂಖ್ಯೆಯನ್ನು ೧,೦೦೦ ಎಂದು ಬರೆಯಲು ಉಪಕರಣದಲ್ಲಿ ಯಾವ ತಡೆಯೂ ಇಲ್ಲ. ಆಗ ಮಹಾಸರ್ಪವು ಒಂದೇ ಪೆಟ್ಟಿಗೆ ಉರುಳುವುದು, ಅದರೊಡನೆ ವೀರರಸವೂ ಉರುಳುವುದು. ಪ್ರತಿನಾಯಕನ ವಂಶ, ವೀರ್ಯಗಳನ್ನು ವರ್ಣಿಸಿ ಅಂಥವನನ್ನು ಗೆದ್ದನೆನ್ನುವುದರಿಂದ ನಾಯಕನಿಗೆ ಉತ್ಕರ್ಷವೆಂದು ದಂಡಿಯು ಕಾವ್ಯಾದರ್ಶದಲ್ಲಿ ಹೇಳಿದ ನೀತಿಯನ್ನು ಆ ರಚನಕಾರನು ತನ್ನ ಕೈಯಿಂದಲೇ ಕೆಡಿಸಿದಂತಾಯಿತು. ಕಣ್ಣಿಗೆ ವಿಚಿತ್ರವಾಗಿ ತೋರುವ ಕೋವಿಯು ೧೨ರ ಘಾತದಿಂದ ಸಾಧುವಾಗಬಹುದು; ಲೋಕಕ್ಕೆ ಒಪ್ಪುವ ಕತ್ತಿಯೇ ೧,೦೦೦ದ ಘಾತದಿಂದ ಅಸಾಧುವಾಗಬಹುದು. ಆದುದರಿಂದ ಅನೌಚಿತ್ಯವು ಆಕಾರದಲ್ಲಿಲ್ಲವೆಂಬುದು ಸಿದ್ಧ.

೬. ಕರ್ತೃತ್ವ

ಈ ಶಿಲ್ಪದಲ್ಲಿ ಕೃತಿಚೌರ್ಯದ ಪ್ರಶ್ನೆಯೂ ಉಂಟು. ವಿಜ್ಞಾನಕಲ್ಪಿತ ಆಯುಧವು ಬೇಕಾದವನು ಬೇರೊಂದು ಆಟದ ಕಡತಗಳಿಂದ ಅದರ ಜಾಲವನ್ನೂ ಪಟವನ್ನೂ ಹಾಗೆಯೇ ಕಿತ್ತುತರುವುದು ಸುಲಭ. ಆದರೆ ಮಾಡ್‌ಗಳ ದೊಡ್ಡ ಭಂಡಾರವಾದ ನೆಕ್ಸಸ್ ಮಾಡ್ಸ್ ಎಂಬಲ್ಲಿ ಹಕ್ಕುದಾರರ ಅನುಮತಿಯಿಲ್ಲದೆ ಅಂಥದನ್ನು ಇಡಲು ಸಮ್ಮತಿಯಿಲ್ಲ. ಸಾಮ್ಯವನ್ನು ಕಂಡು ತಾನೇ ಮೊದಲಿನಿಂದ ಕಟ್ಟುವುದು ಬೇರೆ, ಶರೀರವನ್ನೇ ಅಪಹರಿಸುವುದು ಬೇರೆ ಎಂಬ ವಿವೇಕವು ಇಲ್ಲಿ ನಿಯಮವಾಗಿಯೇ ನಿಂತಿದೆ.

ಶ್ರಮಕ್ಕೆ ಪ್ರತಿಫಲವೇನೆಂಬುದೂ ವಿವಾದಗ್ರಸ್ತವಾಗಿತ್ತು. ೨೦೧೫ನೆಯ ಏಪ್ರಿಲ್ ೨೩ರಂದು ವಾಲ್ವ್ ಮತ್ತು ಬೆಥೆಸ್ಡಾ ಸಂಸ್ಥೆಗಳು ಸ್ಕೈರಿಮಿನ ಮಾಡ್‌ಗಳನ್ನು ಹಣಕ್ಕೆ ಮಾರುವ ಏರ್ಪಾಟನ್ನು ಮಾಡಿದುವು. ರಚನಕಾರನಿಗೆ ದೊರೆಯುತ್ತಿದ್ದ ಪಾಲು ನೂರಕ್ಕೆ ೨೫. ಆಟಗಾರರ ತೀವ್ರ ವಿರೋಧದಿಂದ ಅದೇ ತಿಂಗಳ ೨೭ರಂದು ಅದನ್ನು ಹಿಂತೆಗೆದುಕೊಂಡರು. ೨೦೧೭ರಲ್ಲಿ ‘ಕ್ರಿಯೇಷನ್ ಕ್ಲಬ್’ ಎಂಬ ಬೇರೊಂದು ಕ್ರಮವು ಬಂದಿತು. ಆದರೂ ಈ ಆಯುಧಗಳಲ್ಲಿ ಬಹುಭಾಗವು ಇಂದಿಗೂ ಹಣದ ಅಪೇಕ್ಷೆಯಿಲ್ಲದೆ ರಚಿತವಾಗಿ ಎಲ್ಲರಿಗೂ ದಾನವಾಗಿ ಸಲ್ಲುತ್ತಿರುವುದು.

೭. ಉಪಸಂಹಾರ

ಇಷ್ಟರಿಂದ ನಿರ್ಣಯವಾಗುವುದೇನೆಂದರೆ, ಅನ್ಯಲೋಕದ ಆಯುಧವನ್ನು ತರುವವನಿಗೆ ರೂಪದಲ್ಲಿ ಪೂರ್ಣಸ್ವಾತಂತ್ರ್ಯವುಂಟು. ಅಳತೆ, ಸ್ಥಾನ, ಜಾತಿ, ಹೇತು, ಬಲ ಇವುಗಳಲ್ಲಿ ಅವನು ಆತಿಥೇಯಲೋಕಕ್ಕೆ ಅಧೀನನು. ಈ ಅಧೀನತೆಯನ್ನು ಒಪ್ಪಿಕೊಂಡವನ ಕೋವಿಯು ಹಿಮದ ನಾಡಿನಲ್ಲಿಯೂ ನೆಲೆಸುವುದು. ಒಪ್ಪದವನದು ಎಷ್ಟು ನಯವಾಗಿದ್ದರೂ ನಿಘಂಟುವಿನಿಂದ ಜಾರಿಬಿದ್ದ ಶಬ್ದದಂತೆ ವಾಕ್ಯದ ಹೊರಗೆ ಬಿದ್ದಿರುವುದು. ತರಗತಿಗಳಲ್ಲಿ ತದ್ಭವ, ಅನ್ಯದೇಶ್ಯ, ಔಚಿತ್ಯಗಳನ್ನು ಬೋಧಿಸುವ ಅಧ್ಯಾಪಕರ ಮುಂದೆ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಇಂಥ ಆಯುಧವೊಂದನ್ನು ಕಟ್ಟಲು ರಾತ್ರಿಯೆಲ್ಲ ಎಚ್ಚರವಿದ್ದವರು ಒಬ್ಬಿಬ್ಬರಾದರೂ ಇರಬಹುದು. ಔಚಿತ್ಯವೆಂದರೇನೆಂಬುದನ್ನು ಅಂಥ ವಿದ್ಯಾರ್ಥಿಯು ಕೈಯಾರೆ ಕಂಡಿರುವನು. ಅದಕ್ಕೆ ಶಾಸ್ತ್ರದಲ್ಲಿ ಹೆಸರುಂಟೆಂಬುದನ್ನು ಮಾತ್ರ ಅರಿಯನು. ಆ ಹೆಸರನ್ನು ತಿಳಿಸುವುದು ಅಧ್ಯಾಪಕರ ಕರ್ತವ್ಯ. ಈ ವಿಚಾರವನ್ನು ಸಹೃದಯರು ಪರಾಮರ್ಶಿಸತಕ್ಕದ್ದು.